ಬಾರ್ಲಿಯೋ, ಕುಟ್ಟುವೋ, ಮಜ್ಜಿಗೆಹುಲ್ಲೋ: ಧಾನ್ಯ ಮತ್ತು ಗಿಡಮೂಲಿಕೆ ಚಹಾ ಆರಿಸುವ ಬಗೆ

ಹುರಿದ ಧಾನ್ಯ, ಎಲೆ, ಬೇರು, ಹೂವುಗಳಿಂದ ಮಾಡುವ ಚಹಾಗಳು ಈಗ ದೊಡ್ಡ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಹತ್ತಾರು ಬಗೆಯಲ್ಲಿ ಸಿಗುತ್ತವೆ. ಚೆಂದದ ಡಬ್ಬ ನೋಡಿ ಕೊಂಡು ತಂದು, ಎರಡು ಸಲ ಕುಡಿದು, ಅಡುಗೆಮನೆಯ ಮೇಲಿನ ಗೂಡಿಗೆ ಸೇರಿಸುವವರೇ ಹೆಚ್ಚು. ಕಾಫಿಗೂ ಕಷಾಯಕ್ಕೂ ಒಗ್ಗಿದ ನಾಲಿಗೆಗೆ ಬಿಸಿನೀರಲ್ಲಿ ತೇಲುವ ನಾಲ್ಕು ಎಸಳು ಸಪ್ಪೆ ಎನಿಸುವುದು ಸಹಜ. ಹಾಗಾಗಿ ಹೊಸಬರಿಗೆ ನಮ್ಮ ಸಲಹೆ ನೇರವಾಗಿದೆ: ಮೊದಲು ಹುರಿದ ಧಾನ್ಯ, ಆಮೇಲೆ ಎಲೆ ಮತ್ತು ಬೇರು, ಕೊನೆಗೆ ಹೂವು. ಹುರಿದದ್ದರ ಘಮ ನಮಗೆ ಗೊತ್ತಿರುವ ಘಮ. ಖರ್ಚೂ ಕಡಿಮೆ, ಮನೆಯಲ್ಲೇ ಮಾಡಿಕೊಳ್ಳಬಹುದು, ಹಂಚುವುದೂ ಸುಲಭ.

ಕೊಳ್ಳುವ ಮೊದಲು ಮೂರು ವಿಷಯ ತೀರ್ಮಾನವಾಗಿರಲಿ. ಹಾಲು ಬೇಕೇ, ಬೇಡವೇ? ರಾತ್ರಿ ಊಟದ ಮೇಲೆ ಕುಡಿಯುವುದೋ, ಬೆಳಿಗ್ಗೆಯೋ? ಬಿಸಿಯಾಗಿಯೋ, ತಣ್ಣಗೆಯೋ? ಹಾಲು ಬೇಕೆನ್ನುವವರಿಗೆ ಕೊತ್ತಂಬರಿ-ಜೀರಿಗೆ ಕಷಾಯ, ದಕ್ಷಿಣ ಆಫ್ರಿಕಾದ ರೂಯ್‌ಬೋಸ್, ಮಜ್ಜಿಗೆಹುಲ್ಲು (ಲೆಮನ್‌ಗ್ರಾಸ್). ರಾತ್ರಿಗೆ ಕೆಫೀನ್ ಇಲ್ಲದ ಬಾರ್ಲಿ ಅಥವಾ ಕುಟ್ಟು (ಬಕ್‌ವೀಟ್). ಬೇಸಿಗೆಯಲ್ಲಿ ತಣ್ಣಗೆ ಕುಡಿಯಲು ಬಾರ್ಲಿ, ಲಾವಂಚ, ಕೆಂಪು ಪುಂಡಿ ಹೂ. ಗಿಡಮೂಲಿಕೆ ಎಂದು ಬರೆದಿದ್ದ ಮಾತ್ರಕ್ಕೆ ಕೆಫೀನ್ ಇಲ್ಲವೆಂದು ತಿಳಿಯಬೇಡಿ. ದಕ್ಷಿಣ ಅಮೆರಿಕದ ಯೆರ್ಬಾ ಮಾಟೆ ಎಲೆಯಲ್ಲಿ ಕೆಫೀನ್ ಚೆನ್ನಾಗಿಯೇ ಇರುತ್ತದೆ. ಜಪಾನಿನ ಗೆನ್‌ಮೈಚಾದಲ್ಲಿ ಹುರಿದ ಅಕ್ಕಿಯ ಜೊತೆ ಹಸಿರು ಚಹಾ ಸೇರಿರುವುದರಿಂದ ಅದರಲ್ಲೂ ಇದೆ. ನಿದ್ದೆ ಬಾರದವರಿಗೆ ಇವೆರಡನ್ನೂ ಸಂಜೆ ಕೊಡಬಾರದು.

ಬಾರ್ಲಿ: ಮೊದಲು ಇದನ್ನೇ ಕಲಿಯಿರಿ

ಜಪಾನಿನಲ್ಲಿ ಮುಗಿಚಾ, ಕೊರಿಯಾದಲ್ಲಿ ಬೋರಿಚಾ. ಜಪಾನಿನ ಮನೆಗಳ ಫ್ರಿಜ್‌ನಲ್ಲಿ ಬೇಸಿಗೆ ಪೂರ್ತಿ ಇದರ ಜಗ್ಗು ಇರುತ್ತದೆ. ಕೊರಿಯಾದಲ್ಲಿ ಕುಡಿಯುವ ನೀರಿನ ಬದಲಿಗೇ ಇದನ್ನು ಕುಡಿಯುವ ರೂಢಿ ಇದೆ. ರುಚಿ ಹಾಲಿಲ್ಲದ ತಿಳಿ ಕಾಫಿಗೂ ಹುರಿಹಿಟ್ಟಿಗೂ ನಡುವಿನದು. ಕಹಿ ಕಡಿಮೆ, ಸಕ್ಕರೆ ಬೇಕಿಲ್ಲ.

ನಮ್ಮ ದಿನಸಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹೊಟ್ಟು ತೆಗೆದು ಪಾಲಿಶ್ ಮಾಡಿದ ಬಿಳಿ ಬಾರ್ಲಿ. ಅದರಿಂದಲೂ ಆಗುತ್ತದೆ, ಆದರೆ ಪಿಷ್ಟ ಬೇಗ ಬಿಟ್ಟುಕೊಂಡು ಚಹಾ ಸ್ವಲ್ಪ ಮಬ್ಬಾಗುತ್ತದೆ. ಹೊಟ್ಟಿರುವ ಬಾರ್ಲಿ, ಅಂದರೆ ಜವೆಗೋಧಿ, ಸಿಕ್ಕರೆ ಅದನ್ನೇ ತನ್ನಿ. ಹೊಟ್ಟು ಹುರಿದಾಗ ಬರುವ ಘಮವೇ ಮುಗಿಚಾದ ಜೀವ. ಗ್ರಂಥಿಗೆ ಅಂಗಡಿಗಳಲ್ಲೂ ಉತ್ತರ ಭಾರತದ ದಿನಸಿ ಇಡುವ ಅಂಗಡಿಗಳಲ್ಲೂ ಪೂಜೆ-ಹೋಮಕ್ಕೆಂದು ಜವೆ ಮಾರುತ್ತಾರೆ. ಅದು ಅಡುಗೆಗೂ ಯೋಗ್ಯವೇ ಎಂದು ಕೇಳಿಯೇ ಕೊಳ್ಳಿ, ಹೋಮಕ್ಕೆ ಇಟ್ಟಿದ್ದನ್ನು ಎಲ್ಲರೂ ಶುಚಿಯಾಗಿ ಇಟ್ಟಿರುವುದಿಲ್ಲ.

ಹುರಿಯುವುದು ಹೀಗೆ. 100 ಗ್ರಾಂ ಬಾರ್ಲಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಹಸಿ ಉಳಿದರೆ ಕಾಳು ಹುರಿಯುವ ಬದಲು ಬೇಯುತ್ತದೆ, ಬಾಣಲೆಗೆ ಅಂಟುತ್ತದೆ. ದಪ್ಪ ತಳದ ಬಾಣಲೆ ಬಿಸಿಯಾದ ಮೇಲೆ ಕಾಳು ಹಾಕಿ, ಮಧ್ಯಮಕ್ಕಿಂತ ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸಿ. ಏಳೆಂಟು ನಿಮಿಷಕ್ಕೆ ಬಿಸ್ಕತ್ತಿನ ವಾಸನೆ ಬರುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ, ಅದಕ್ಕೇ ಅವರ ಚಹಾ ಗಂಜಿನೀರಿನಂತೆ ಸಪ್ಪಗಾಗುತ್ತದೆ. ಇನ್ನೂ ಏಳೆಂಟು ನಿಮಿಷ ಬೇಕು. ಅಲ್ಲೊಂದು ಇಲ್ಲೊಂದು ಕಾಳು ಸಿಡಿಯುತ್ತದೆ, ತೆಳುವಾಗಿ ಹೊಗೆ ಏಳುತ್ತದೆ, ಬಣ್ಣ ಗಾಢ ಕಂದಿಗೆ ತಿರುಗುತ್ತದೆ. ಒಂದು ಕಾಳನ್ನು ಕಚ್ಚಿ ನೋಡಿ: ಒಳಗೂ ಕಂದು ಬಣ್ಣವಿದ್ದು ಕರಕರ ಎಂದರೆ ಹದ ಸರಿಯಾಗಿದೆ. ಒಳಗೆ ಬಿಳಿ ಉಳಿದಿದ್ದರೆ ಇನ್ನೆರಡು ನಿಮಿಷ. ತಕ್ಷಣ ಅಗಲ ತಟ್ಟೆಗೆ ಸುರಿದು ಹರಡಿ, ಬಿಸಿ ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ ಮೇಲೂ ಕಪ್ಪಾಗುತ್ತಾ ಹೋಗುತ್ತದೆ. ಉರಿ ಜೋರಾದರೆ ಹೊರಗೆ ಇದ್ದಿಲು, ಒಳಗೆ ಹಸಿ. ಅಂಥ ಕಾಳಿನ ಚಹಾದಲ್ಲಿ ಸುಟ್ಟ ಕಹಿಯೂ ಹಸಿಹಿಟ್ಟಿನ ವಾಸನೆಯೂ ಒಟ್ಟಿಗೆ ಬರುತ್ತವೆ, ಅದನ್ನು ಸರಿಪಡಿಸಲಾಗದು.

1 ಲೀಟರ್ ನೀರು ಕುದಿಯುವಾಗ 30 ಗ್ರಾಂ, ಅಂದರೆ ಸುಮಾರು 3 ದೊಡ್ಡ ಚಮಚ, ಹುರಿದ ಬಾರ್ಲಿ ಹಾಕಿ. ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ, ಒಲೆ ಆರಿಸಿ 5 ನಿಮಿಷ ಮುಚ್ಚಿಡಿ, ಸೋಸಿ. ಕಾಳನ್ನು ನೀರಲ್ಲೇ ಬಿಟ್ಟು ಮರೆಯಬೇಡಿ. ಪಿಷ್ಟ ಬಿಟ್ಟು ಮಬ್ಬಾಗುವುದಲ್ಲದೆ ಬೇಗ ಹುಳಿಯುತ್ತದೆ. ತಣ್ಣಗೆ ಬೇಕಿದ್ದರೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿ. ಎರಡು ದಿನದೊಳಗೆ ಮುಗಿಸಬೇಕು. ಹೊರಗಿಟ್ಟದ್ದನ್ನು ಅದೇ ದಿನ, ಕರಾವಳಿಯ ಸೆಕೆಯಲ್ಲಾದರೆ ಮೂರ್ನಾಲ್ಕು ಗಂಟೆಯೊಳಗೆ ಕುಡಿದುಬಿಡಿ. ಕಾಳನ್ನು ನುಣ್ಣಗೆ ಪುಡಿ ಮಾಡಿ ಕಾಫಿ ಫಿಲ್ಟರ್‌ಗೆ ಹಾಕುವ ಯೋಚನೆ ಹಲವರಿಗೆ ಬರುತ್ತದೆ. ಪಿಷ್ಟ ನೀರು ಕುಡಿದು ಉಬ್ಬಿ ಫಿಲ್ಟರ್‌ನ ತೂತು ಕಟ್ಟಿಕೊಳ್ಳುತ್ತದೆ. ಕಾಫಿಯ ಗಟ್ಟಿತನವೇ ಬೇಕೆನ್ನುವವರು ಇಡೀ ಕಾಳಿನ ಜೊತೆ ಕುದಿಯುವಾಗ ಅರ್ಧ ಚಮಚ ಚಿಕೋರಿ ಸೇರಿಸಿ ಬಟ್ಟೆಯಲ್ಲಿ ಸೋಸಿಕೊಳ್ಳಿ.

ಬಾರ್ಲಿಯಲ್ಲಿ ಗೋಧಿಯಂತೆಯೇ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರಿಗೆ ಇದು ಬೇಡ. ಅವರಿಗೆ ಕೆಳಗಿನ ಮೂರು ಧಾನ್ಯಗಳಲ್ಲಿ ಒಂದನ್ನು ಕೊಡಿ.

ಕುಟ್ಟು, ಮೆಕ್ಕೆಜೋಳ, ಅಕ್ಕಿ

ಕುಟ್ಟು ಹೆಸರಿಗೆ ಧಾನ್ಯ, ಗೋಧಿಯ ಬಳಗದ್ದಲ್ಲ. ಹಿಮಾಲಯದ ತಪ್ಪಲಿನಲ್ಲಿ ಬೆಳೆಯುತ್ತಾರೆ, ಉತ್ತರದವರು ನವರಾತ್ರಿ ಉಪವಾಸಕ್ಕೆ ಇದರ ಹಿಟ್ಟು ಬಳಸುತ್ತಾರೆ. ಬೆಂಗಳೂರಿನಲ್ಲಿ ಆ ಹೊತ್ತಿಗೆ ಸುಲಭವಾಗಿ ಸಿಗುತ್ತದೆ. ಜಪಾನಿನ ಸೋಬಾಚಾ, ಕೊರಿಯಾದ ಮೆಮಿಲ್‌ಚಾ ಇದರಿಂದಲೇ ಆಗುವುದು. ಬಾರ್ಲಿಗಿಂತ ಸಿಹಿ, ಹುರಿದ ಬೀಜದ ಜಿಡ್ಡಿನ ಘಮ, ಬಣ್ಣ ತಿಳಿ ಹಳದಿ. ಹಿಟ್ಟಲ್ಲ, ಸಿಪ್ಪೆ ಸುಲಿದ ಇಡೀ ಕಾಳು ಬೇಕು. ಹಸಿರು ಛಾಯೆಯ ಹಸಿ ಕಾಳನ್ನು ಹಾಗೇ ನೀರಿಗೆ ಹಾಕಿದರೆ ಲೋಳೆ ಬಿಡುತ್ತದೆ, ಅದಕ್ಕೇ ಮಧ್ಯಮ ಉರಿಯಲ್ಲಿ 8-10 ನಿಮಿಷ ಹೊಂಬಣ್ಣಕ್ಕೆ ಹುರಿಯಬೇಕು. 200 ಮಿ.ಲೀ. ಕುದಿನೀರಿಗೆ 1 ದೊಡ್ಡ ಚಮಚ, 4 ನಿಮಿಷ. ಕುದಿಸುವುದು ಬೇಡ. ಒಂದೇ ಕಾಳಿಗೆ ಎರಡನೇ ಸಲವೂ ನೀರು ಹಾಕಬಹುದು, ಕೊನೆಗೆ ಮೆತ್ತಗಾದ ಕಾಳನ್ನು ಚಮಚದಲ್ಲಿ ತಿಂದುಬಿಡಬಹುದು. ತಾರ್ತರಿ ಕುಟ್ಟು ಎಂದು ಮಾರುವುದರಲ್ಲಿ ರುಟಿನ್ ಎಂಬ ಅಂಶ ಬಹಳ ಹೆಚ್ಚು, ಕಹಿಯೂ ಹೆಚ್ಚು. ಮೊದಲ ಸಲ ಕುಡಿಯುವವರಿಗೆ ಸಾಮಾನ್ಯ ಕುಟ್ಟೇ ವಾಸಿ.

ಕುಟ್ಟಿನ ಅಲರ್ಜಿ ಅಪರೂಪ, ಆದರೆ ಬಂದರೆ ಜೋರಾಗಿಯೇ ಬರುತ್ತದೆ, ಉಸಿರು ಕಟ್ಟುವಷ್ಟು. ಜಪಾನಿನಲ್ಲಿ ಆಹಾರದ ಪೊಟ್ಟಣದ ಮೇಲೆ ಇದರ ಹೆಸರು ಬರೆಯುವುದು ಕಡ್ಡಾಯ. ನಮ್ಮ ಕಡೆ ಹೆಚ್ಚಿನವರು ಇದನ್ನು ಹಿಂದೆ ತಿಂದೇ ಇರುವುದಿಲ್ಲವಾದ್ದರಿಂದ, ತಮಗೆ ಆಗುತ್ತದೋ ಇಲ್ಲವೋ ಅವರಿಗೇ ತಿಳಿದಿರುವುದಿಲ್ಲ. ಆಹಾರದ ಅಲರ್ಜಿ ಇರುವ ಸ್ನೇಹಿತರಿಗೆ ಕೇಳದೆ ಇದನ್ನು ಸುರಿದು ಕೊಡಬೇಡಿ.

ಮೆಕ್ಕೆಜೋಳದ ಚಹಾ ಕೊರಿಯಾದ ಮನೆಮಾತು. ದಾವಣಗೆರೆ, ಹಾವೇರಿ ಕಡೆಯವರಿಗೆ ಇದರಷ್ಟು ಅಗ್ಗದ ಚಹಾ ಇನ್ನೊಂದಿಲ್ಲ. ಇಡೀ ಕಾಳು ಹುರಿಯಲು ತಡವಾಗುವುದರಿಂದ ನುಚ್ಚಾಗಿ ಒಡೆದುಕೊಳ್ಳಿ, 15 ನಿಮಿಷ ಹುರಿಯಿರಿ, ಲೀಟರ್‌ಗೆ 30 ಗ್ರಾಂ ಹಾಕಿ 15 ನಿಮಿಷ ಕುದಿಸಿ. ಪಾಪ್‌ಕಾರ್ನ್ ಕಾಳು ಬೇಡ, ಅರಳಿಬಿಡುತ್ತದೆ. ಬಿತ್ತನೆ ಬೀಜವನ್ನಂತೂ ಮುಟ್ಟಲೇಬೇಡಿ: ಅದಕ್ಕೆ ಔಷಧ ಲೇಪಿಸಿರುತ್ತಾರೆ, ಗುಲಾಬಿಯೋ ನೀಲಿಯೋ ಬಣ್ಣ ಇರುವುದು ಅದೇ ಎಚ್ಚರಿಕೆಗೆ. ತೊಳೆದರೂ ಅದು ತಿನ್ನಲು ಯೋಗ್ಯವಲ್ಲ. ಬೂಷ್ಟು ಹಿಡಿದ, ಮುಗ್ಗಲು ವಾಸನೆಯ ಕಾಳನ್ನೂ ಎಸೆಯಿರಿ. ಬೂಷ್ಟಿನ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ.

ಅಕ್ಕಿಗೆ ತವುಡು ಉಳಿದಿರುವ ಕೆಂಪಕ್ಕಿ ಒಳ್ಳೆಯದು, ರಾಜಮುಡಿ ಆದರೆ ಘಮ ಇನ್ನೂ ಚೆನ್ನ. ಹತ್ತು ನಿಮಿಷ ಹುರಿದು, ಬಾರ್ಲಿಯಂತೆಯೇ ಕುದಿಸಿ. ಬರೀ ಅಕ್ಕಿಯ ಚಹಾ ಮೆತ್ತನೆಯದು, ಹೊಟ್ಟೆ ಕೆಟ್ಟಾಗ, ಜ್ವರ ಬಿಟ್ಟ ಮೇಲೆ ಹಿತ. ರುಚಿಗೆಂದು ಕುಡಿಯುವವರು ಹಸಿರು ಚಹಾದೊಂದಿಗೆ ಸಮಸಮ ಬೆರೆಸಿ ಮನೆಯಲ್ಲೇ ಗೆನ್‌ಮೈಚಾ ಮಾಡಿಕೊಳ್ಳಬಹುದು. ಆಗ ನೀರು ಕುದಿಯುತ್ತಿರಬಾರದು, 80-85 ಡಿಗ್ರಿ ಸಾಕು. ಕುದಿದ ನೀರನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎರಡು ಸಲ ಬಗ್ಗಿಸಿದರೆ ಹೆಚ್ಚುಕಡಿಮೆ ಆ ಬಿಸಿಗೆ ಬರುತ್ತದೆ.

ಎಲೆ, ಬೇರು, ಮತ್ತು ನಮ್ಮ ಕಷಾಯ

ಮಜ್ಜಿಗೆಹುಲ್ಲನ್ನು ಕುಂಡದಲ್ಲಿ ನೆಟ್ಟವರಿಗೆ ಅಂಗಡಿಯ ಒಣಪುಡಿ ಬೇಕಿಲ್ಲ. ಅದರ ನಿಂಬೆಯ ಘಮ ಆವಿಯಾಗಿ ಹೋಗುವ ಎಣ್ಣೆಯದು, ಒಣಗಿಸಿ ಮೂರ್ನಾಲ್ಕು ತಿಂಗಳಿಟ್ಟರೆ ಉಳಿಯುವುದು ಬರೀ ಹುಲ್ಲಿನ ವಾಸನೆ. 250 ಮಿ.ಲೀ. ನೀರಿಗೆ ಮೊಳದುದ್ದದ ಎರಡು ಹಸಿ ಎಲೆ. ಅಂಚು ಕೈ ಕೊಯ್ಯುತ್ತದೆ, ಕತ್ತರಿಯಲ್ಲಿ ಕತ್ತರಿಸಿ. ಮುಚ್ಚಳ ಮುಚ್ಚಿ 3-4 ನಿಮಿಷ ಕುದಿಸಿ, ಮುಚ್ಚಳ ತೆರೆದಿಟ್ಟರೆ ಅಡುಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಏನೂ ಇರುವುದಿಲ್ಲ. ನಿಂಬೆಯ ಪರಿಮಳ ಇದ್ದರೂ ಹುಳಿ ಇಲ್ಲವಾದ್ದರಿಂದ ಹಾಲು ಒಡೆಯದು.

ಲಾವಂಚ ಕುದಿಸುವ ಬೇರಲ್ಲ. 10 ಗ್ರಾಂ ಬೇರಿನ ಮಣ್ಣು ಹೋಗುವಂತೆ ಮೂರ್ನಾಲ್ಕು ನೀರಲ್ಲಿ ತೊಳೆದು, 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ ಮಣ್ಣಿನ ಹೂಜಿಯಲ್ಲಿ ರಾತ್ರಿಯಿಡೀ ಬಿಡಿ. ಬಿಸಿಲಿಗೆ ಒಣಗಿಸಿ ಎರಡು ಮೂರು ಸಲ ಬಳಸಬಹುದು. ಬೀಸಣಿಗೆ, ಚಾಪೆ ಮಾಡಲು ಮಾರುವ ಬೇರನ್ನು ಕುಡಿಯಲು ಬಳಸಬೇಡಿ. ಸೊಗದೆ ಬೇರಿನ ಪರಿಮಳ ಇನ್ನೂ ಗಾಢ, ಬೆಲ್ಲ-ನಿಂಬೆಯ ಜೊತೆ ಪಾನಕವಾಗಿಯೇ ಚೆನ್ನ, ಚಹಾದಂತೆ ಕುಡಿಯಲು ಅಷ್ಟು ಒಗ್ಗದು.

ಹೊಸ ಹೊಸ ಚಹಾ ಹುಡುಕುವ ಭರದಲ್ಲಿ ಮಲೆನಾಡು, ಕರಾವಳಿಯ ಕಷಾಯವನ್ನು ಮರೆಯುವುದು ದೊಡ್ಡ ನಷ್ಟ. ಪರದೇಶದ ಸ್ನೇಹಿತರು ಮುಗಿಚಾ ಕೊಟ್ಟರೆ ನಾವು ತಿರುಗಿ ಕೊಡಬೇಕಾದದ್ದು ಇದನ್ನೇ. ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50 ಗ್ರಾಂ, ಕಾಳುಮೆಣಸು 1 ಚಮಚ, ಮೆಂತ್ಯ ಅರ್ಧ ಚಮಚ, ನಾಲ್ಕು ಏಲಕ್ಕಿ. ಏಲಕ್ಕಿ ಬಿಟ್ಟು ಉಳಿದ ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು, ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ತರಿಯಾಗಿ ಪುಡಿ ಮಾಡಿ, 1 ಲೋಟ ನೀರಿಗೆ 1 ಚಮಚ ಹಾಕಿ 4 ನಿಮಿಷ ಕುದಿಸಿ, ಸೋಸಿ, ಬಿಸಿ ಹಾಲು ಬೆರೆಸಿ. ಬೆಲ್ಲವನ್ನು ಲೋಟಕ್ಕೆ, ಒಲೆಯಿಂದ ಇಳಿಸಿದ ಮೇಲೆ. ಹಾಲಿನ ಜೊತೆ ಬೆಲ್ಲ ಕುದಿಸಿದರೆ ಒಡೆಯುತ್ತದೆ. ಮೆಂತ್ಯ ಹೆಚ್ಚಾದರೆ ಕಹಿ ಕೊನೆಯವರೆಗೂ ಬಿಡದು.

ದೂರದಿಂದ ತರಿಸುವುದಾದರೆ ನಮ್ಮ ಆಯ್ಕೆ ರೂಯ್‌ಬೋಸ್. ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್ ಪ್ರಾಂತ್ಯದ ಸೀಡರ್‌ಬರ್ಗ್ ಬೆಟ್ಟಗಳ ಸುತ್ತಮುತ್ತ ಬೆಳೆಯುವ ಪೊದೆ ಇದು, 2021ರಲ್ಲಿ ಐರೋಪ್ಯ ಒಕ್ಕೂಟ ಅದರ ಹೆಸರಿಗೆ ಮೂಲಸ್ಥಾನದ ರಕ್ಷಣೆ ಕೊಟ್ಟಿತು. ಕೆಫೀನ್ ಇಲ್ಲ, ಒಗರಿನ ಟ್ಯಾನಿನ್ ಕಡಿಮೆ, ಹಾಗಾಗಿ ಹತ್ತು ನಿಮಿಷ ಬಿಟ್ಟರೂ ಕಹಿಯಾಗದು. 200 ಮಿ.ಲೀ. ಕುದಿನೀರಿಗೆ ಒಂದು ಚಮಚ ತುಂಬ, ಕನಿಷ್ಠ 6 ನಿಮಿಷ. ಹಾಲು ಹಾಕಿ ಕುಡಿದರೆ ಸಂಜೆಯ ಚಹಾ ಬಿಡಲಾಗದವರೂ ಒಪ್ಪುತ್ತಾರೆ.

ಹೂವಿನ ಚಹಾ: ಸ್ವಲ್ಪವೇ ಕೊಳ್ಳಿ

ನೀಲಿ ಶಂಖಪುಷ್ಪಕ್ಕೆ ರುಚಿ ಇಲ್ಲವೆಂದೇ ಹೇಳಬೇಕು. ಅದರ ಸೊಗಸೆಲ್ಲ ಬಣ್ಣದಲ್ಲಿದೆ. ನಾಲ್ಕು ನಿಂಬೆ ಹನಿ ಬಿದ್ದರೆ ನೀಲಿ ನೇರಳೆಯಾಗುತ್ತದೆ, ಮಕ್ಕಳಿದ್ದ ಮನೆಯಲ್ಲಿ ಇದೊಂದು ಸಂಭ್ರಮ. ಮಜ್ಜಿಗೆಹುಲ್ಲಿನ ಜೊತೆ ಬೆರೆಸಿದರೆ ಕುಡಿಯಲೂ ಚೆನ್ನ. ಹಸಿರು ತೊಟ್ಟು ಕಿತ್ತು ಎಸಳನ್ನಷ್ಟೇ ಬಳಸಿ, ಬೀಜ ಹೊಟ್ಟೆಗೆ ಹೋದರೆ ಭೇದಿ ಆಗುತ್ತದೆ. ಆಯುರ್ವೇದದ ಅಂಗಡಿಯ ಶಂಖಪುಷ್ಪಿ ಪುಡಿ ಬೇರೆಯೇ ಗಿಡದ್ದು, ಅದರಲ್ಲಿ ಈ ನೀಲಿ ಬಾರದು.

ಹೈಬಿಸ್ಕಸ್ ಚಹಾ ಎಂದು ಮಾರುವುದು ಅಂಗಳದ ದಾಸವಾಳದ ಎಸಳಲ್ಲ, ಉತ್ತರ ಕರ್ನಾಟಕದ ಪುಂಡಿಪಲ್ಯದ ಬಳಗದ ಗಿಡದ ಕೆಂಪು, ದಪ್ಪ ಹೂತೊಟ್ಟು. ಈಜಿಪ್ಟ್, ಸುಡಾನಿನಲ್ಲಿ ಕರ್ಕಡೆ ಎನ್ನುತ್ತಾರೆ. ಅಂಗಳದ ದಾಸವಾಳದಲ್ಲಿ ಬಣ್ಣ ಬರುತ್ತದೆ, ಆ ಹುಳಿ ಬಾರದು. 250 ಮಿ.ಲೀ.ಗೆ 3 ಗ್ರಾಂ, 5 ನಿಮಿಷ. ಸ್ಟೀಲ್ ಇಲ್ಲವೇ ಗಾಜಿನ ಪಾತ್ರೆ ಬಳಸಿ. ಅಲ್ಯುಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಬೇಡ. ಹಾಲಿಗೆ ಒಗ್ಗದು. ರಕ್ತದೊತ್ತಡ ಇಳಿಸುವ ಗುಣ ಇದಕ್ಕಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ಅದಕ್ಕೆ ತದ್ವಿರುದ್ಧವಾಗಿ, ಹಲವು ಮಿಶ್ರಣಗಳಲ್ಲಿ ಸಿಹಿಗೆಂದು ಸೇರಿಸುವ ಜ್ಯೇಷ್ಠಮಧು ದಿನವೂ ಕುಡಿದರೆ ರಕ್ತದೊತ್ತಡ ಏರಿಸುತ್ತದೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಿ. ಕ್ಯಾಮೊಮೈಲ್ ಸೇವಂತಿಗೆಯ ಕುಟುಂಬದ್ದು, ಪಾರ್ಥೇನಿಯಂ ಕಳೆಯೂ ಅದೇ ಕುಟುಂಬ. ಪಾರ್ಥೇನಿಯಂ ಅಲರ್ಜಿ ಇರುವವರು ಅದರಿಂದ ದೂರ ಇರುವುದು ಲೇಸು. ಗರ್ಭಿಣಿಯರಿಗೆ ಯಾವ ಹೂವು-ಮೂಲಿಕೆಯ ಚಹಾವನ್ನೂ ನಾವಾಗಿ ಸೂಚಿಸುವುದಿಲ್ಲ.

ನೀರು ಕೆಡಿಸುವ ರುಚಿ

ಚಹಾ ಸರಿ ಬಾರದಿದ್ದಾಗ ಎಲ್ಲರೂ ಕಾಳನ್ನೋ ಎಲೆಯನ್ನೋ ದೂರುತ್ತಾರೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ತಪ್ಪು ಹೆಚ್ಚಾಗಿ ನೀರಿನದು. ಗಡಸು ನೀರಿನ ಕ್ಷಾರ ಪುಂಡಿ ಹೂವಿನ ಹುಳಿಯನ್ನು ತಿಂದುಹಾಕಿ ಬಣ್ಣವನ್ನು ಮಂಕು ನೇರಳೆಗೆ ತಿರುಗಿಸುತ್ತದೆ, ಬಾರ್ಲಿಯ ಘಮವನ್ನು ಮೊಂಡು ಮಾಡುತ್ತದೆ, ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಒಂದೇ ಬಾರ್ಲಿಯನ್ನು ಬೋರ್‌ವೆಲ್ ನೀರಿನಲ್ಲೂ ಶುದ್ಧೀಕರಿಸಿದ ನೀರಿನಲ್ಲೂ ಮಾಡಿ ಪಕ್ಕಪಕ್ಕದಲ್ಲಿಟ್ಟು ಕುಡಿದು ನೋಡಿ, ವ್ಯತ್ಯಾಸ ತಿಳಿಯುತ್ತದೆ. ಫಿಲ್ಟರ್ ಇಲ್ಲದಿದ್ದರೆ ನೀರನ್ನು ಐದು ನಿಮಿಷ ಕುದಿಸಿ, ತಳಕ್ಕೆ ಇಳಿದ ಸುಣ್ಣವನ್ನು ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳಿ. ಗಡಸು ಪೂರ್ತಿ ಹೋಗದಿದ್ದರೂ ಸಾಕಷ್ಟು ಇಳಿಯುತ್ತದೆ.

ನಾಲ್ಕು ಜನರನ್ನು ಕರೆದಾಗ

ಒಂದು ಸಂಜೆಗೆ ನಾಲ್ಕು ಬಗೆ ಸಾಕು, ಐದನೆಯದರ ಹೊತ್ತಿಗೆ ನಾಲಿಗೆ ದಣಿದಿರುತ್ತದೆ. ತಿಳಿಯಿಂದ ಗಾಢಕ್ಕೆ ಹೋಗಿ: ಲಾವಂಚ, ಕುಟ್ಟು, ಬಾರ್ಲಿ, ಕೊನೆಗೆ ಕಷಾಯ. ಕಷಾಯದ ಮೆಣಸು ಮೊದಲೇ ಬಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ಹುಳಿಯ ಪುಂಡಿ ಹೂ ಇಡುವುದಾದರೆ ಕಷಾಯಕ್ಕೂ ಬಾರ್ಲಿಗೂ ನಡುವೆ, ಮಧ್ಯೆ ಒಂದು ಗುಟುಕು ಉಗುರುಬೆಚ್ಚಗಿನ ನೀರು ಕುಡಿಸಿ. ತಲೆಗೆ 60 ಮಿ.ಲೀ. ಲೆಕ್ಕ ಹಿಡಿಯಿರಿ, ಐದು ಜನಕ್ಕೆ ಒಂದೊಂದರದ್ದೂ 300 ಮಿ.ಲೀ. ಕಾಫಿ ಲೋಟದ ತುಂಬ ಸುರಿದರೆ ಇಷ್ಟವಾಗದವರು ದಾಕ್ಷಿಣ್ಯಕ್ಕೆ ಪೂರ್ತಿ ಕುಡಿಯಬೇಕಾಗುತ್ತದೆ. ಮೊದಲ ಗುಟುಕು ಸಕ್ಕರೆ ಇಲ್ಲದೆ, ಆಮೇಲೆ ಬೇಕಾದವರಿಗೆ ಬೆಲ್ಲ. ಜೊತೆಗೆ ಒಗ್ಗರಣೆ ಹಾಕದ ಮಂಡಕ್ಕಿ ಅಥವಾ ಹುರಿದ ಶೇಂಗಾ. ಖಾರದ ಚುರುಮುರಿ, ಈರುಳ್ಳಿ ಪಕೋಡ ಎಲ್ಲ ಚಹಾ ಮುಗಿದ ಮೇಲೆ.

ಹುರಿದ ಧಾನ್ಯವನ್ನು ಕೊಡುವಾಗ 30 ಗ್ರಾಂನ ಪೊಟ್ಟಣ ಕಟ್ಟಿ, ಒಂದು ಪೊಟ್ಟಣಕ್ಕೆ ಒಂದು ಲೀಟರ್, ಅಳೆಯುವ ಗೋಜಿಲ್ಲ. ಪೂರ್ತಿ ಆರಿದ ಮೇಲೆಯೇ ಮುಚ್ಚಬೇಕು, ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರಿ ವಾರದಲ್ಲಿ ಮುಗ್ಗಲು ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಎರಡು ತಿಂಗಳು ಘಮ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ. ಮಜ್ಜಿಗೆಹುಲ್ಲಿನ ಪೊಟ್ಟಣವನ್ನು ಧಾನ್ಯದ ಜೊತೆ ಒಂದೇ ಡಬ್ಬದಲ್ಲಿ ಇಡಬೇಡಿ, ಮೂರು ದಿನದಲ್ಲಿ ಬಾರ್ಲಿಗೂ ನಿಂಬೆ ವಾಸನೆ ಅಂಟುತ್ತದೆ. ಚೀಟಿಯಲ್ಲಿ ಐದು ಸಾಲು ಬರೆಯಿರಿ: ಏನು, ಎಷ್ಟು ನೀರಿಗೆ, ಎಷ್ಟು ನಿಮಿಷ, ಹುರಿದ ದಿನ, ಯಾರಿಗೆ ಆಗದು. ಬಾರ್ಲಿಯ ಚೀಟಿಯಲ್ಲಿ ಗ್ಲುಟೆನ್ ಎಂದೂ ಕುಟ್ಟಿನದರಲ್ಲಿ ಅಲರ್ಜಿ ಎಂದೂ ಬರೆಯುವುದನ್ನು ಬಿಡಬೇಡಿ, ಪೊಟ್ಟಣ ನೀವು ಕೊಟ್ಟವರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ.

ಹೊರದೇಶದಲ್ಲಿರುವ ಮಕ್ಕಳಿಗೆ, ಸ್ನೇಹಿತರಿಗೆ ಕಳಿಸುವುದಾದರೆ ಹುರಿಯದ ಕಾಳು ಬೇಡ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಮೊಳಕೆಯೊಡೆಯಬಲ್ಲ ಬೀಜ, ಒಣ ಬೇರುಗಳನ್ನು ಗಡಿಯಲ್ಲೇ ತಡೆಯುತ್ತಾರೆ. ಹುರಿದದ್ದನ್ನೂ ಘೋಷಿಸಿಯೇ ಒಯ್ಯಬೇಕು. ಅಮೆರಿಕದಲ್ಲಿರುವವರಿಗೆ ಬಾರ್ಲಿ, ಮೆಕ್ಕೆಜೋಳದ ಚಹಾ ಇಲ್ಲಿಂದ ಕಳಿಸುವ ಅಗತ್ಯವೇ ಇಲ್ಲ, ಎಚ್ ಮಾರ್ಟ್‌ನಂಥ ಕೊರಿಯಾದ ದಿನಸಿ ಅಂಗಡಿಗಳಲ್ಲಿ ಹುರಿದದ್ದೇ ಸಿಗುತ್ತದೆ. ಆ ತೂಕವನ್ನು ಕಷಾಯದ ಪುಡಿಗೆ ಉಳಿಸಿಕೊಳ್ಳಿ.